ಎರೆಭೂಮಿಯ ಶಾಲೆ, ಠರಾವು ಪುಸ್ತಕ ಮತ್ತು ಐವತ್ತು ಸಾವಿರ ರೂಪಾಯಿ

ಸಿಂಧನೂರು, ಮಾನ್ವಿ, ಸಿರುಗುಪ್ಪ, ಕುಷ್ಟಗಿ ಕಡೆಯ ಎಷ್ಟೋ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಪುಸ್ತಕ ತೆರೆದರೆ ಒಂದೇ ಸಾಲು ವರ್ಷಗಟ್ಟಲೆ ಸಿಗುತ್ತದೆ: "ಶಾಲಾ ಕೊಠಡಿ ದುರಸ್ತಿ ಬಗ್ಗೆ ಚರ್ಚಿಸಲಾಯಿತು." ಅದರ ಕೆಳಗೆ ನಾಲ್ಕಾರು ಸಹಿ, ಒಂದೆರಡು ಹೆಬ್ಬೆಟ್ಟು. ಮಾಳಿಗೆ ಸೋರುವುದು ನಿಂತಿರುವುದಿಲ್ಲ. ಈ ಒಂದು ಸಾಲು ಬದಲಾದರೆ ಶಾಲೆಗೆ ಬರುವ ದುಡ್ಡಿನ ದಾರಿಯೇ ಬದಲಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅದು ಹೇಗೆ ಎಂದು ಬಿಡಿಸಿ ಬರೆಯುತ್ತೇನೆ.

ಮೊದಲು ಎಸ್‌ಡಿಎಂಸಿಯ ಅಧಿಕಾರ ಎಷ್ಟು ಎಂಬುದು ಸ್ಪಷ್ಟವಾಗಲಿ. ಈ ಸಮಿತಿ 2001ರ ಸರ್ಕಾರಿ ಆದೇಶದಿಂದ ಹುಟ್ಟಿದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅದಕ್ಕೆ ಕಾನೂನಿನ ಬಲ ಸಿಕ್ಕಿತು. ಕಾಯ್ದೆಯ 21ನೇ ಕಲಂ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳಿರಬೇಕು. ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು ಸಮಿತಿಯ ಕೆಲಸ. 22ನೇ ಕಲಂ ಇನ್ನೂ ಮುಖ್ಯ. ಸಮಿತಿ ತಯಾರಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಮುಂದಿನ ಯೋಜನೆ, ಅನುದಾನಗಳಿಗೆ ಆಧಾರವಾಗಬೇಕು ಎಂದು ಅದು ಹೇಳುತ್ತದೆ. ಹೆಡ್ ಮಾಸ್ತರು ಪದನಿಮಿತ್ತ ಕಾರ್ಯದರ್ಶಿ. ಶಿಕ್ಷಕರ ನೇಮಕ, ವರ್ಗಾವಣೆ, ಸಂಬಳ ಸಮಿತಿಯ ಕೈಯಲ್ಲಿಲ್ಲ. ಕಟ್ಟಡ ಕಟ್ಟಿಸುವ ಕೈಯೂ ಬೇರೆ. ಸಮಿತಿಯ ಕೈಯಲ್ಲಿರುವುದು ಸಣ್ಣ ಅನುದಾನ ಮತ್ತು ಠರಾವು. ಠರಾವನ್ನು ಹಗುರವಾಗಿ ಕಾಣುವ ಸಮಿತಿಗಳೇ ಹೆಚ್ಚು.

ಒಳ್ಳೆಯ ಠರಾವು ಹೀಗಿರುತ್ತದೆ: "4ನೇ ಕೊಠಡಿಯ (ಉತ್ತರ ದಿಕ್ಕಿನಿಂದ ಎರಡನೆಯದು) ಮಾಳಿಗೆಯ ಒಳಗಿನ ಗಿಲಾವು (ಪ್ಲಾಸ್ಟರ್) ಕಿಟಕಿಯ ಮೇಲ್ಭಾಗದಲ್ಲಿ ಸುಮಾರು 3 ಅಡಿ ಉದ್ದ, 2 ಅಡಿ ಅಗಲ ಕಳಚಿ ಬಿದ್ದಿದೆ. ಮೂರು ಕಡೆ ಸರಳು ಕಾಣುತ್ತಿದೆ, ತುಕ್ಕು ಹಿಡಿದಿದೆ. ಈ ಕೊಠಡಿಯಲ್ಲಿ 5ನೇ ತರಗತಿಯ 31 ಮಕ್ಕಳು ಕೂರುತ್ತಿದ್ದರು. ಇಂದಿನಿಂದ ಕೊಠಡಿಗೆ ಬೀಗ ಹಾಕಲಾಗಿದೆ. ಫೋಟೊ ಸಹಿತ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೂ ಪತ್ರ ಕೊಡಲು, 15 ದಿನದೊಳಗೆ ಸ್ಥಳ ಪರಿಶೀಲನೆ ಕೋರಲು ತೀರ್ಮಾನಿಸಲಾಯಿತು. ಅಧ್ಯಕ್ಷರು ಮತ್ತು ಮುಖ್ಯಗುರುಗಳು ಖುದ್ದಾಗಿ ಪತ್ರ ತಲುಪಿಸಿ ಸ್ವೀಕೃತಿ ಪಡೆಯತಕ್ಕದ್ದು." ಇದರಲ್ಲಿ ಅಳತೆ ಇದೆ, ಮಕ್ಕಳ ಸಂಖ್ಯೆ ಇದೆ, ಯಾರು ಏನು ಮಾಡಬೇಕು ಎಂದಿದೆ. ನಾಳೆ ಏನಾದರೂ ಅನಾಹುತವಾದರೆ ಯಾರಿಗೆ ಯಾವ ದಿನ ತಿಳಿಸಲಾಗಿತ್ತು ಎಂಬುದೂ ದಾಖಲೆಯಲ್ಲಿ ಉಳಿಯುತ್ತದೆ. ಸ್ವೀಕೃತಿಯ ಮೊಹರು ಇಲ್ಲದ ಪತ್ರ ಕೊಡದ ಪತ್ರಕ್ಕೆ ಸಮ.

ಠರಾವಿಗಿಂತಲೂ ಕಣ್ಣಿಗೆ ಬೀಳದ ಕಾಗದ ಇನ್ನೊಂದಿದೆ, ಯುಡೈಸ್ ಪ್ಲಸ್ ನಮೂನೆ. ಪ್ರತಿ ವರ್ಷ ಸೆಪ್ಟೆಂಬರ್ 30ರ ಸ್ಥಿತಿಯನ್ನು ಆಧಾರವಾಗಿಟ್ಟುಕೊಂಡು ಶಾಲೆಯ ಮಾಹಿತಿ ತುಂಬುತ್ತಾರೆ. ಅದರಲ್ಲಿ ಎಷ್ಟು ಕೊಠಡಿ ಸುಸ್ಥಿತಿಯಲ್ಲಿವೆ, ಎಷ್ಟಕ್ಕೆ ಸಣ್ಣ ದುರಸ್ತಿ ಬೇಕು, ಎಷ್ಟಕ್ಕೆ ದೊಡ್ಡ ದುರಸ್ತಿ ಬೇಕು ಎಂಬ ಕಾಲಂಗಳಿವೆ. ಶೌಚಾಲಯ ಎಷ್ಟಿವೆ, ಅವುಗಳಲ್ಲಿ ಬಳಕೆಗೆ ಬರುವವು ಎಷ್ಟು ಎಂಬುದೂ ಇದೆ. ಸಮಗ್ರ ಶಿಕ್ಷಣದ (ಕೇಂದ್ರ, ರಾಜ್ಯ ಸೇರಿ ಶಾಲೆಗಳಿಗೆ ಹಣ ಕೊಡುವ ಯೋಜನೆ) ವಾರ್ಷಿಕ ಯೋಜನೆ ತಯಾರಾಗುವಾಗ ಮೇಲಿನವರು ಮೊದಲು ನೋಡುವುದು ಈ ಅಂಕಿಗಳನ್ನೇ. ಹೋದ ವರ್ಷದ ನಮೂನೆ ನೋಡಿ ಅದನ್ನೇ ನಕಲು ಮಾಡಿದರೆ, ಈ ವರ್ಷ ಬಿರುಕು ಬಿಟ್ಟ ಕೊಠಡಿಯೂ ಕಾಗದದ ಮೇಲೆ ಗಟ್ಟಿಯಾಗಿಯೇ ಇರುತ್ತದೆ. ಆಮೇಲೆ ಎಷ್ಟು ಅರ್ಜಿ ಕೊಟ್ಟರೂ "ನಿಮ್ಮ ಶಾಲೆ ಪಟ್ಟಿಯಲ್ಲಿಲ್ಲ" ಎಂಬ ಉತ್ತರ ಬರುತ್ತದೆ. ಹಾಗಾಗಿ ನಮೂನೆ ಕಳಿಸುವ ಮುಂಚೆ ಸಮಿತಿಯ ಇಬ್ಬರು ಸದಸ್ಯರು ಮುಖ್ಯಗುರುಗಳ ಜೊತೆ ಕೊಠಡಿ ಕೊಠಡಿ ಸುತ್ತಿ ಕಾಲಂ ಹೊಂದಿಸಬೇಕು. ಅರ್ಧ ದಿನದ ಕೆಲಸ. ವರ್ಷದಲ್ಲಿ ಸಮಿತಿ ಮಾಡುವ ಅತಿ ಮುಖ್ಯ ಕೆಲಸ ಇದೇ ಎಂಬುದು ನನ್ನ ಅಭಿಪ್ರಾಯ.

ಇನ್ನು ಕೈಗೆ ಬರುವ ಹಣ. ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಗದಿಯಾಗುತ್ತದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂ., 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. 100 ಮಕ್ಕಳಿರುವ ಶಾಲೆಗೂ 101 ಮಕ್ಕಳಿರುವ ಶಾಲೆಗೂ ಇರುವ ಅಂತರ 25,000 ರೂಪಾಯಿ! ದಾಖಲಾತಿ ಗಡಿಯ ಹತ್ತಿರ ಇದ್ದರೆ ಜೂನ್‌ನಲ್ಲೇ ಓಣಿ ಓಣಿ ತಿರುಗಿ ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಕರೆತರುವುದು ಮಕ್ಕಳಿಗೂ ಒಳ್ಳೆಯದು, ಶಾಲೆಗೂ ಒಳ್ಳೆಯದು.

140 ಮಕ್ಕಳ ಶಾಲೆಗೆ 50,000 ಬಂತು ಅಂದುಕೊಳ್ಳಿ. ಶೌಚಾಲಯ ತೊಳೆಯುವವರಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ನಿಯಮದ ಶೇ. 10 ಅಂದರೆ 5,000, ಅದು ಮೂರೂವರೆ ತಿಂಗಳಿಗೂ ಬರುವುದಿಲ್ಲ. ಸೀಮೆಸುಣ್ಣ, ದಾಖಲೆ ಪುಸ್ತಕ, ಕಾಗದ, ಪ್ರಿಂಟಿಗೆ 6,000. ಕಲಿಕಾ ಸಾಮಗ್ರಿಗೆ 6,000. ನಲ್ಲಿ, ಸ್ವಿಚ್ಚು, ಬಲ್ಬು, ಫ್ಯಾನು, ಬಾಗಿಲ ಚಿಲಕ ಎಂದು 7,000. ಪ್ರಥಮ ಚಿಕಿತ್ಸೆ, ನೀರು ಪರೀಕ್ಷೆಗೆ 2,000. ಆಗಸ್ಟ್ 15, ಜನವರಿ 26ಕ್ಕೆ 2,000. ಉಳಿಯುವುದು 12,000. ಅದರಲ್ಲಿ ಸುಣ್ಣ ಬಣ್ಣ ಆದೀತು, ಮಾಳಿಗೆ ದುರಸ್ತಿ ಆಗದು. ಈ ಲೆಕ್ಕವನ್ನು ಪಾಲಕರ ಸಭೆಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ "ಐವತ್ತು ಸಾವಿರ ಬಂದೈತಿ, ಎಲ್ಲಿ ಹೋತು" ಎಂಬ ಮಾತು ಏಳುವುದಿಲ್ಲ. ಬರೆಯದೆ ಬಿಟ್ಟರೆ ಅದೇ ಮಾತು ಊರ ಕಟ್ಟೆಯ ಮೇಲೆ ಬೆಳೆಯುತ್ತದೆ, ಚಲೋ ಮುಖ್ಯಗುರುಗಳಿಗೂ ಕೆಟ್ಟ ಹೆಸರು ತರುತ್ತದೆ.

ಹಣ ಬರುವ ರೀತಿಯೂ ಬದಲಾಗಿದೆ. 2021ರಿಂದ ಏಕ ನೋಡಲ್ ಖಾತೆ (ಯೋಜನೆಯ ಹಣವೆಲ್ಲ ರಾಜ್ಯಮಟ್ಟದ ಒಂದೇ ಖಾತೆಯಲ್ಲಿರುವ) ಪದ್ಧತಿ ಬಂದ ಮೇಲೆ ಶಾಲೆಯ ಖಾತೆಯಲ್ಲಿ ದುಡ್ಡು ಕೂತಿರುವುದಿಲ್ಲ. ಪಿಎಫ್‌ಎಂಎಸ್ ಎಂಬ ಸರ್ಕಾರಿ ಪಾವತಿ ಜಾಲತಾಣದಲ್ಲಿ ಖರ್ಚಿನ ಮಿತಿ ಮಾತ್ರ ಕಾಣುತ್ತದೆ. ಮಾರ್ಚ್ 31ರೊಳಗೆ ಪಾವತಿ ಆಗದಿದ್ದರೆ ಆ ಮಿತಿ ಹೋಯಿತೆಂದೇ ಲೆಕ್ಕ. ಕಂತು ತಡವಾಗಿ ಬಂದಾಗ ಆಗುವ ತಪ್ಪು ಹೀಗಿರುತ್ತದೆ: ಅಲ್ಲಿಯತನಕ ಅಂಗಡಿಯಲ್ಲಿ ಉದ್ರಿ ತಂದಿರುತ್ತಾರೆ, ಇಲ್ಲವೇ ಮುಖ್ಯಗುರುಗಳು ಕಿಸೆಯಿಂದ ಹಾಕಿರುತ್ತಾರೆ. ಮಾರ್ಚ್ ಕೊನೆಯ ವಾರ ಎಲ್ಲ ಬಿಲ್ಲನ್ನೂ ಒಂದೇ ದಿನಾಂಕಕ್ಕೆ ಬರೆಸುತ್ತಾರೆ. ಲೆಕ್ಕ ತಪಾಸಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ಜೂನ್ ಸಭೆಯಲ್ಲೇ ವರ್ಷದ ಖರ್ಚಿನ ಆದ್ಯತೆ ಪಟ್ಟಿಗೆ ಒಪ್ಪಿಗೆ ಪಡೆದು, ತಂದ ದಿನವೇ ಬಿಲ್ಲು ಬರೆಸಿ, ದಾಸ್ತಾನು ಪುಸ್ತಕಕ್ಕೆ ಏರಿಸಿ, ಪಾವತಿಯನ್ನಷ್ಟೇ ಬಾಕಿ ಇಟ್ಟರೆ ಈ ತೊಡಕು ಬರುವುದಿಲ್ಲ. ನಗದು ಪುಸ್ತಕ, ದಾಸ್ತಾನು ಪುಸ್ತಕ, ಬಿಲ್ಲಿನ ಕಡತ, ಠರಾವು ಈ ನಾಲ್ಕೂ ಒಂದೇ ಮಾತು ಹೇಳಬೇಕು.

ಪಾಲಕರಿಂದ ಹಣ ಕೂಡಿಸುವ ಬಗ್ಗೆ ಎಚ್ಚರ ಬೇಕು. ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು 2022ರ ಅಕ್ಟೋಬರ್‌ನಲ್ಲಿ ಹೊರಟ ಸುತ್ತೋಲೆ ಜನರ ವಿರೋಧಕ್ಕೆ ವಾಪಸಾಯಿತು. ಕೂಲಿ ಮಾಡಿ ಉಣ್ಣುವ ಮನೆಗೆ ದೇಣಿಗೆಯ ಮಾತು ಒತ್ತಾಯದಂತೆಯೇ ಕೇಳಿಸುತ್ತದೆ. ಊರಲ್ಲಿ ಅನುಕೂಲಸ್ಥರು ತಾವಾಗಿ ಫ್ಯಾನು, ಸಿಮೆಂಟು, ಒಂದು ಟ್ರ್ಯಾಕ್ಟರ್ ಉಸುಕು ಕೊಟ್ಟರೆ ಸಂತೋಷದಿಂದ ಪಡೆಯಿರಿ. ರಸೀದಿ ಕೊಡಿ, ದಾಸ್ತಾನಿಗೆ ಏರಿಸಿ, ಹೆಸರನ್ನು ಸಭೆಯಲ್ಲಿ ಓದಿ.

ದೊಡ್ಡ ಹಣದ ಮೂಲಗಳು ಬೇರೆ. ಸಮಗ್ರ ಶಿಕ್ಷಣ, ರಾಜ್ಯ ಸರ್ಕಾರದ ಕೊಠಡಿ ಯೋಜನೆಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಶಾಸಕರ ನಿಧಿ ಇವೆ. ಸಂಡೂರು ಭಾಗದ ಶಾಲೆಗಳಿಗೆ ಜಿಲ್ಲಾ ಖನಿಜ ನಿಧಿಯೂ ಇದೆ. ಅದಿರಿನ ದೂಳು ಕುಡಿಯುವ ಊರಿನ ಮಕ್ಕಳಿಗೆ ಆ ನಿಧಿಯ ಮೇಲೆ ಮೊದಲ ಹಕ್ಕಿದೆ. ಕಾಂಪೌಂಡು, ಶೌಚಾಲಯ, ಆಟದ ಬಯಲಿನ ಕೆಲಸಕ್ಕೆ ಉದ್ಯೋಗ ಖಾತ್ರಿ ಮತ್ತು ಗ್ರಾಮ ಪಂಚಾಯಿತಿಯ ಹಣ. ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಮೀಸಲಾದ ಪಾಲು ಹಣಕಾಸು ಆಯೋಗದ ಅನುದಾನದಲ್ಲಿದೆ. ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ಅಕ್ಟೋಬರ್‌ನಿಂದ ರೂಪುಗೊಳ್ಳುತ್ತದೆ. ಶಾಲೆಯ ಠರಾವು ಆಗಲೇ ಗ್ರಾಮಸಭೆಯಲ್ಲಿ ಓದಿಸಿರಬೇಕು. ಫೆಬ್ರವರಿಯಲ್ಲಿ ಕೇಳಿದರೆ "ಕ್ರಿಯಾ ಯೋಜನೆ ಮುಗಿದಿದೆ" ಎಂಬ ಪಿಡಿಒ ಮಾತು ಸುಳ್ಳಲ್ಲ.

ಕಟ್ಟಡದ ವಿಷಯಕ್ಕೆ ಬಂದರೆ ನಮ್ಮ ಭಾಗದ ಮುಖ್ಯ ಶತ್ರು ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಸೀಳುತ್ತದೆ. ಬುನಾದಿ ಮೇಲ್ಮಟ್ಟದಲ್ಲೇ ನಿಂತಿದ್ದರೆ ಗೋಡೆಯ ಒಂದು ಮೂಲೆ ಏಳುತ್ತದೆ, ಇನ್ನೊಂದು ಕೂರುತ್ತದೆ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಬಿರುಕು ಇದರ ಗುರುತು. ಗವಂಡಿಯನ್ನು ಕರೆಸಿ ಸಿಮೆಂಟು ಮೆತ್ತಿಸಿದರೆ ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಮತ್ತೆ ಬಿಡುತ್ತದೆ, ಆ ದುಡ್ಡು ಹೋದಂತೆಯೇ.

ಬಿರುಕು ಇನ್ನೂ ಓಡಾಡುತ್ತಿದೆಯೇ, ನಿಂತಿದೆಯೇ ಎಂದು ತಿಳಿಯಲು ಖರ್ಚಿಲ್ಲದ ದಾರಿ ಇದೆ. ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು (ಪ್ರೌಢಶಾಲೆಯ ಪ್ರಯೋಗಾಲಯದ ಸ್ಲೈಡ್ ಆದರೂ ಸಾಕು) ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ತುದಿಯನ್ನು ಸಿಮೆಂಟಿನಿಂದ ಗೋಡೆಗೆ ಕೂರಿಸಿ. ಅಲ್ಲಿ ಮೊದಲು ಸುಣ್ಣ, ಸಡಿಲ ಗಿಲಾವು ಕೆರೆದು ತೆಗೆದಿರಬೇಕು, ಇಲ್ಲದಿದ್ದರೆ ಗಾಜಿನ ಬದಲು ಗಿಲಾವೇ ಕಳಚಿ ಬರುತ್ತದೆ. ಪಕ್ಕದಲ್ಲಿ ದಿನಾಂಕ ಬರೆಯಿರಿ. ಬಿರುಕಿನ ಎರಡೂ ಬದಿ ಪೆನ್ಸಿಲಿನಿಂದ ಚುಕ್ಕೆ ಇಟ್ಟು ನಡುವಿನ ಅಂತರ ಸರಿಯಾಗಿ 100 ಮಿ.ಮೀ. ಇರುವಂತೆ ನೋಡಿಕೊಳ್ಳಿ. ಮಳೆ ನಿಂತ ಮೇಲೆ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಅಳೆಯಿರಿ. ಗಾಜು ಒಡೆದಿದ್ದರೆ, ಅಂತರ 102 ಅಥವಾ 103 ಆಗಿದ್ದರೆ ಗೋಡೆ ಇನ್ನೂ ಸರಿದಾಡುತ್ತಿದೆ. ಈ ಅಳತೆಯನ್ನು ಠರಾವಿನಲ್ಲಿ ಬರೆದು ಇಂಜಿನಿಯರಿಗೆ ಕೊಟ್ಟರೆ ಅವರಿಗೆ ಅಂದಾಜು ಬರೆಯಲು ಗಟ್ಟಿ ಆಧಾರ ಸಿಗುತ್ತದೆ.

ಇರುವ ಕಟ್ಟಡಕ್ಕೆ ಸಮಿತಿ ತಾನೇ ಮಾಡಬಹುದಾದದ್ದು ನೀರನ್ನು ಬುನಾದಿಯಿಂದ ದೂರ ಇಡುವುದು. ಗೋಡೆಯ ಸುತ್ತ ಕನಿಷ್ಠ ಒಂದು ಮೀಟರ್ ಅಗಲ, ಹೊರಕ್ಕೆ ಇಳಿಜಾರಿರುವ ಹಾಸು ಬೇಕು. ಮಾಳಿಗೆಯ ನೀರಿನ ಕೊಳವೆ ಗೋಡೆಯ ಬುಡದಲ್ಲಿ ಸುರಿಯಬಾರದು, ಚರಂಡಿ ಮುಟ್ಟಬೇಕು. ಕೈ ತೊಳೆಯುವ ನಲ್ಲಿಯ ನೀರಂತೂ ವರ್ಷಪೂರ್ತಿ ಒಂದೇ ಮೂಲೆಯನ್ನು ನೆನೆಸುತ್ತದೆ. ಪರಿಸರ ದಿನಾಚರಣೆಗೆಂದು ಗೋಡೆಗೆ ಅಂಟಿಸಿ ಬೇವು, ಅರಳಿ ನೆಡುವ ರೂಢಿ ಬಿಡಬೇಕು. ಬೇಸಿಗೆಯಲ್ಲಿ ಬೇರು ಬುನಾದಿಯ ಕೆಳಗಿನ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಮರ ಎಷ್ಟೆತ್ತರ ಬೆಳೆಯುತ್ತದೋ ಅಷ್ಟು ದೂರದಲ್ಲಿ ನೆಡಿ.

ಹೊಸ ಕೊಠಡಿ ಬಂದರೆ ಎರೆ ಮಣ್ಣನ್ನು ಆಳವಾಗಿ ತೆಗೆದು ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ತುಂಬಿ ಪದರ ಪದರವಾಗಿ ದಮ್ಮಸ್ಸು ಮಾಡುವುದು, ಇಲ್ಲವೇ ಸುಮಾರು 3.5 ಮೀಟರ್ ಆಳದ, ಬುಡದಲ್ಲಿ ಗೆಡ್ಡೆಯಂತೆ ಅಗಲವಾದ ಕಾಂಕ್ರೀಟ್ ಪೈಲ್ ಇಳಿಸಿ ಮೇಲೆ ತೊಲೆ ಹಾಕುವುದು ಸರಿಯಾದ ಕ್ರಮ. ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಬರೆದ ಅಂದಾಜನ್ನೇ ಎರೆಗೂ ಹಚ್ಚಿದ್ದಾರೆಯೇ ಎಂದು ಕೆಲಸ ಶುರುವಾಗುವ ಮುಂಚೆ ಕೇಳಿ. ಬುನಾದಿ ಮುಚ್ಚಿದ ಮೇಲೆ ಕೇಳಿ ಫಲವಿಲ್ಲ. ಅಂದಾಜು ಪತ್ರಿಕೆಯ ಪ್ರತಿ ಸಮಿತಿಯ ಕೈಯಲ್ಲಿರಲಿ.

ಕೆಲಸ ನಡೆಯುವಾಗ ಇಂಜಿನಿಯರಿಂಗ್ ಓದದವರೂ ನೋಡಬಹುದಾದ ಸಂಗತಿಗಳಿವೆ. 1:1.5:3 (ಸಿಮೆಂಟು, ಉಸುಕು, ಜಲ್ಲಿ) ಕಾಂಕ್ರೀಟಿಗೆ ಒಂದು ಚೀಲ ಸಿಮೆಂಟಿಗೆ ನೀರು 30 ಲೀಟರ್ ಮೀರಬಾರದು. ಸುರಿಯಲು ಸಲೀಸು ಎಂದು ನೀರು ಹೆಚ್ಚಿಸುವುದೇ ಬಲ ಕಳೆಯುವ ದೊಡ್ಡ ಕಾರಣ. ಮಾಳಿಗೆಯ ಸರಳಿನ ಕೆಳಗೆ 20 ಮಿ.ಮೀ. ಕವರ್ ಬ್ಲಾಕ್ (ಸರಳನ್ನು ಹಲಗೆಯಿಂದ ಎತ್ತಿ ಹಿಡಿಯುವ ತುಂಡು) ಇರಬೇಕು. ಅದಿಲ್ಲದೆ ಸರಳು ಹಲಗೆಗೆ ತಾಗಿ ಕೂತರೆ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ಗಿಲಾವನ್ನು ಮಕ್ಕಳ ತಲೆಯ ಮೇಲೆ ತಳ್ಳುತ್ತದೆ. ನಾಲ್ಕೂವರೆ ಮೀಟರಿಗಿಂತ ಅಗಲದ ಕೊಠಡಿಯ ಮಾಳಿಗೆಯ ಆಸರೆ ಕಂಬ 14 ದಿನ ತೆಗೆಯಬಾರದು. ಕ್ಯೂರಿಂಗ್ ನಮ್ಮ ಬಿಸಿಲಿಗೆ ಎರಡು ವಾರ ಬೇಕು. ಹಣ ಮಂಜೂರಾಗಿ ಕೆಲಸ ಹಿಡಿಯುವುದು ಬಹಳ ಸಲ ಮಾರ್ಚ್–ಏಪ್ರಿಲ್ ಹೊತ್ತಿಗೆ. ಆಗ ಊರಿಗೇ ನೀರಿರುವುದಿಲ್ಲ, ಕ್ಯೂರಿಂಗಿಗೆ ಎಲ್ಲಿಂದ ತರುವುದು? ಟ್ಯಾಂಕರಿನ ವ್ಯವಸ್ಥೆ ಯಾರದು ಎಂದು ಮೊದಲೇ ಬರೆಸಿಕೊಳ್ಳದಿದ್ದರೆ ಮೂರೇ ದಿನಕ್ಕೆ ನೀರು ನಿಲ್ಲುತ್ತದೆ.

ಹಳೆಯ ಮಾಳಿಗೆಯ ಮೇಲೆ ಸಾವಿರ ಲೀಟರ್ ಟ್ಯಾಂಕು ಇಡುವುದು ಇನ್ನೊಂದು ಅಪಾಯ. ತುಂಬಿದಾಗ ಅದು ಒಂದು ಟನ್ ಭಾರ. ಇಡಲೇಬೇಕಿದ್ದರೆ ಗೋಡೆ ಅಥವಾ ತೊಲೆಯ ನೇರಕ್ಕೆ ಇಡಬೇಕು, ಕೊಠಡಿಯ ನಡುವೆ ಇಡಲೇಬಾರದು. ಸರಳು ಕಂಡ ಮಾಳಿಗೆಗೆ ಬರೀ ಗಿಲಾವು ಹಚ್ಚುವುದೂ ತಪ್ಪು. ಸಡಿಲಾದದ್ದನ್ನೆಲ್ಲ ಕೆಡವಿ, ತಂತಿ ಬ್ರಷ್ಷಿನಿಂದ ತುಕ್ಕು ತಿಕ್ಕಿ, ತುಕ್ಕು ತಡೆ ಲೇಪ ಬಳಿದು, ಪಾಲಿಮರ್ ಬೆರೆಸಿದ ಗಾರೆ ಹಾಕಬೇಕು. ಜೊತೆಗೆ ಮೇಲಿನ ಸೋರಿಕೆ ನಿಲ್ಲಿಸಬೇಕು. ಸರಳು ತೆಳುವಾಗಿದ್ದರೆ ಇಂಜಿನಿಯರ್ ನೋಡದೆ ಮುಟ್ಟಬಾರದು.

ತೀರಾ ಶಿಥಿಲವಾದ ಕಟ್ಟಡವನ್ನು ಕೆಡವುವ ಅಧಿಕಾರ ಮುಖ್ಯಗುರುಗಳಿಗೂ ಇಲ್ಲ, ಸಮಿತಿಗೂ ಇಲ್ಲ. ಠರಾವು, ಬಿಇಒ ಕಚೇರಿ, ಇಂಜಿನಿಯರರ ಶಿಥಿಲ ಪ್ರಮಾಣಪತ್ರ ಮತ್ತು ಹಳೆ ಸಾಮಾನಿನ ಬೆಲೆ ಅಂದಾಜು, ಮೇಲಿನವರ ಅನುಮತಿ, ಬಹಿರಂಗ ಹರಾಜು ಎಂಬ ಸರಪಳಿ ದಾಟಬೇಕು. ಊರವರು ಉತ್ಸಾಹದಿಂದ ಕೆಡವಿ ಬಾಗಿಲು, ಕಲ್ಲು ಹಂಚಿಕೊಂಡರೆ ಆಮೇಲೆ ವಸೂಲಿ ಬರುವುದು ಮುಖ್ಯಗುರುಗಳ ಮೇಲೆ. ಅನುಮತಿ ಬರುವತನಕ ಸುತ್ತ ಮುಳ್ಳುಬೇಲಿ ಹಾಕಿ ಮಕ್ಕಳನ್ನು ದೂರ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಶಾಲೆಯ ಜಾಗದ ಪ್ರಶ್ನೆ ಇನ್ನೂ ಸೂಕ್ಷ್ಮ. ಹಳೆಯ ಎಷ್ಟೋ ಶಾಲೆಗಳು ಊರ ಹಿರಿಯರು ಬಾಯಿಮಾತಲ್ಲಿ ಕೊಟ್ಟ ಜಾಗದಲ್ಲಿವೆ. ಸ್ಥಿರಾಸ್ತಿಯ ದಾನ ನೋಂದಣಿಯಾದ ಪತ್ರದಿಂದ ಮಾತ್ರ ಪೂರ್ತಿಯಾಗುತ್ತದೆ. ಕೊಟ್ಟವರು ಇರುವತನಕ ತಕರಾರಿಲ್ಲ. ರಸ್ತೆ ಅಗಲವಾಗಿ ಜಾಗಕ್ಕೆ ಬೆಲೆ ಬಂದ ಮೇಲೆ ಮೊಮ್ಮಕ್ಕಳ ಕಾಲಕ್ಕೆ ಕೋರ್ಟಿನ ನೋಟಿಸು ಬರುತ್ತದೆ. ಕೊಟ್ಟವರು ಕಣ್ಣೆದುರು ಇರುವಾಗಲೇ ಮೋಜಣಿ (ಸರ್ವೆ ಅಳತೆ) ಮಾಡಿಸಿ, ದಾನಪತ್ರ ನೋಂದಾಯಿಸಿ, ಪಂಚಾಯಿತಿಯಲ್ಲಿ ಇ-ಸ್ವತ್ತು ಖಾತೆ ಮಾಡಿಸಬೇಕು. ಕಾಂಪೌಂಡ್ ಕಟ್ಟುವುದು ಮೋಜಣಿಯ ನಂತರ. ಶಾಲೆಯ ಬಯಲಲ್ಲಿ ತಿಪ್ಪೆ, ಬಣವೆ ಹಾಕಿದವರ ಜೊತೆ ಪೊಲೀಸ್ ದೂರಿಗಿಂತ ಮೊದಲು ಹಿರಿಯರನ್ನು ಕೂರಿಸಿ ಮಾತಾಡಿ, ಸುಗ್ಗಿ ಮುಗಿಯುವ ಗಡುವು ಕೊಟ್ಟರೆ ಬಹುಪಾಲು ಬಗೆಹರಿಯುತ್ತದೆ. ಆ ಗಡುವೂ ಠರಾವಿನಲ್ಲಿರಲಿ.

ನೀರು. ಕುಷ್ಟಗಿ, ಯಲಬುರ್ಗಾ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಪರೀಕ್ಷೆಗೆ ನೀರು ತೆಗೆಯುವಾಗ ಬೋರು ಐದು ನಿಮಿಷ ಓಡಿಸಿ, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಗಲಬರಿಸಿ ತುಂಬಿ, ದಿನಾಂಕ ಬರೆಯಿರಿ. ಮಳೆಯ ನಂತರ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಕಳಿಸಿ. ಪರ್ಯಾಯ ಮಾಳಿಗೆಯ ಮಳೆನೀರು. 100 ಚದರ ಮೀಟರ್ ಮಾಳಿಗೆ, ಸುಮಾರು 600 ಮಿ.ಮೀ. ಮಳೆ, ಶೇ. 80 ಕೈಗೆ ಸಿಕ್ಕರೆ ವರ್ಷಕ್ಕೆ 48,000 ಲೀಟರ್. 120 ಮಕ್ಕಳು ತಲಾ ಒಂದೂವರೆ ಲೀಟರ್ ಕುಡಿದರೆ ದಿನಕ್ಕೆ 180. ಇಪ್ಪತ್ತು ಸಾವಿರ ಲೀಟರಿನ ಮುಚ್ಚಿದ ತೊಟ್ಟಿ 110 ಶಾಲಾ ದಿನಗಳಿಗೆ ಬರುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ತೊಟ್ಟಿಗೆ ಬೆಳಕು ಬೀಳಬಾರದು. ಎರಡನೆಯದನ್ನು ಮರೆತ ಕಡೆ ಪಾಚಿ ಕಟ್ಟಿ ತೊಟ್ಟಿ ಪಾಳು ಬಿದ್ದಿರುತ್ತದೆ. ಶೌಚಾಲಯದ ಬಗ್ಗೆ ಒಂದೇ ಮಾತು: ಎರೆ ಮಣ್ಣಲ್ಲಿ ಇಂಗುಗುಂಡಿ ನೀರು ಹೀರುವುದಿಲ್ಲ. ಸುತ್ತ ಗರಸು, ಜಲ್ಲಿಯ ದಪ್ಪ ಪದರ ಇಲ್ಲದ ಗುಂಡಿ ಮೊದಲ ಮಳೆಗಾಲಕ್ಕೇ ಉಕ್ಕುತ್ತದೆ.

ಬಿಸಿಯೂಟ ರಾಜ್ಯದಲ್ಲಿ 2002ರಲ್ಲಿ ಮೊದಲು ಶುರುವಾದದ್ದೇ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದ ನಮ್ಮ ಭಾಗದಲ್ಲಿ. ಮೊಟ್ಟೆಯೂ 2021ರ ಡಿಸೆಂಬರಿನಲ್ಲಿ ಮೊದಲು ಬಂದದ್ದು ಇಲ್ಲಿಗೇ. 1ರಿಂದ 5ನೇ ತರಗತಿಗೆ ತಲಾ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ಕ್ಕೆ 150, 30, 75. ಸದಸ್ಯೆಯೊಬ್ಬರು ವಾರಕ್ಕೊಮ್ಮೆ ಹಾಜರಿ ಎಣಿಸಿ, ಅಕ್ಕಿ ತೂಗುವಾಗ ನಿಂತು ನೋಡಿದರೆ ಸಾಕು. ತಕ್ಕಡಿ ಇಲ್ಲದೆ ಡಬ್ಬಿಯಲ್ಲಿ ಅಳೆಯುವ ಕಡೆಯೇ ದಾಸ್ತಾನು ತಾಳೆಯಾಗುವುದಿಲ್ಲ.

ಹಾಜರಿಯ ಮಾತು ಬಂದರೆ ಗುಳೆಯ ಮಾತು ಬರಲೇಬೇಕು. ದೇವದುರ್ಗ, ಮಸ್ಕಿ, ಲಿಂಗಸುಗೂರು, ಕುಷ್ಟಗಿಯ ಒಣಬೇಸಾಯದ ಊರುಗಳಿಂದ ಹಿಂಗಾರು ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಬೆಂಗಳೂರು, ಪುಣೆ, ಗೋವಾಕ್ಕೆ ಹೊರಡುತ್ತಾರೆ. ಊರಲ್ಲೇ ಇದ್ದವರ ಮಕ್ಕಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಸೆಪ್ಟೆಂಬರ್ 30ಕ್ಕೆ ತುಂಬಿದ ದಾಖಲಾತಿ ಜನವರಿಯಲ್ಲಿ ಬೆಂಚಿನ ಮೇಲೆ ಕಾಣುವುದಿಲ್ಲ. ಅಕ್ಟೋಬರಿನಲ್ಲೇ ಸಮಿತಿ ಮನೆ ಮನೆ ಕೇಳಿ ಪಟ್ಟಿ ಮಾಡಬೇಕು: ಯಾರು ಹೋಗುತ್ತಾರೆ, ಎಲ್ಲಿಗೆ, ಅಜ್ಜ ಅಜ್ಜಿಯ ಹತ್ತಿರ ಬಿಡಬಹುದಾದ ಮಕ್ಕಳು ಎಷ್ಟು. ಋತುಮಾನ ವಸತಿ ಶಾಲೆ ಕೇಳಲು ಈ ಹೆಸರಿನ ಪಟ್ಟಿಯೇ ಆಧಾರ. ಹೋಗುವ ಮಕ್ಕಳಿಗೆ ವರ್ಗಾವಣೆ ಪತ್ರ ಕೂಡಲೇ ಕೊಡುವುದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಮುಖ್ಯಗುರುಗಳ ಕರ್ತವ್ಯ. ಪತ್ರ ಇಲ್ಲವೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂಬುದನ್ನು ತಾಯ್ತಂದೆಗೆ ತಿಳಿಸಿ ಕಳಿಸಿ.

ಏಳನೇ ಇಯತ್ತೆ ಮುಗಿದ ಹೆಣ್ಣುಮಕ್ಕಳ ಓದು ನಿಲ್ಲುವುದು ಬಹಳ ಸಲ ಬಸ್ಸಿಲ್ಲದ ಕಾರಣಕ್ಕೆ. ಹುಡುಗಿ ಮನೆಯಲ್ಲಿ ಉಳಿದರೆ ಮದುವೆಯ ಮಾತು ಶುರುವಾಗುತ್ತದೆ. ಸಾರಿಗೆ ಘಟಕಕ್ಕೆ "ಬಸ್ಸು ಬಿಡಿ" ಎಂದು ಬರೆದರೆ ಹತ್ತೂವರೆಗೆ ಬರುವ ಬಸ್ಸು ಸಿಗುತ್ತದೆ, ಅಷ್ಟೊತ್ತಿಗೆ ಮೊದಲ ಪಿರಿಯಡ್ ಮುಗಿದಿರುತ್ತದೆ. ಪ್ರೌಢಶಾಲೆಯ ಗಂಟೆಯ ಹೊತ್ತು, ದೂರ, ಹುಡುಗ ಹುಡುಗಿಯರ ಸಂಖ್ಯೆ, ಈಗಿರುವ ಬಸ್ಸಿನ ಹೊತ್ತನ್ನು ಎಷ್ಟು ಹಿಂದೆ ಸರಿಸಿದರೆ ಸಾಕು ಎಂಬುದನ್ನು ಬರೆಯಿರಿ. ಹೊಸ ಬಸ್ಸಿಗಿಂತ ಹೊತ್ತು ಸರಿಸುವುದು ಘಟಕಕ್ಕೂ ಸುಲಭ.

ಇದೆಲ್ಲ ಮಾತಾಡಲು ಸದಸ್ಯೆಯರು ಸಭೆಗೆ ಬರಬೇಕಲ್ಲ? ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಕೂಲಿಗೆ ಹೋದವರು ಬರಲಾರರು, ಸಹಿಗೆ ಪುಸ್ತಕವೇ ಮನೆಗೆ ಹೋಗುತ್ತದೆ. ಹೊಲದ ಕೆಲಸ ನಿಲ್ಲುವ ಅಮಾವಾಸ್ಯೆಯ ದಿನ, ಇಲ್ಲವೇ ಇಳಿಹೊತ್ತು ಐದರ ನಂತರ ಇಡಿ. ತಾಂಡಾದ, ಕ್ಯಾಂಪಿನ ತಾಯಂದಿರಿರುವ ಕಡೆ ಠರಾವನ್ನು ಲಂಬಾಣಿಯಲ್ಲೋ ತೆಲುಗಿನಲ್ಲೋ ಓದಿ ಹೇಳಿದ ಮೇಲೆಯೇ ಸಹಿ ಪಡೆಯಿರಿ.

ಅವಧಿ ಮುಗಿದು ಹೊಸ ಸಮಿತಿ ಬಂದಾಗ ಶೌಚಾಲಯದ ಬೀಗದ ಕೈ ಕೊಟ್ಟಷ್ಟೇ ಗಮನದಿಂದ ಕಾಗದಗಳನ್ನೂ ಕೊಡಬೇಕು: ಠರಾವು ಪುಸ್ತಕ, ಮೊಹರಿರುವ ಪತ್ರಗಳ ಕಡತ, ಹಿಂದಿನ ಮೂರು ವರ್ಷದ ಯುಡೈಸ್ ಪ್ರತಿ, ಬಿರುಕಿನ ಅಳತೆ, ನೀರಿನ ವರದಿ, ಕಾಮಗಾರಿಯ ಅಂದಾಜು, ಮೋಜಣಿ ನಕ್ಷೆ, ಖಾತೆಯ ಪ್ರತಿ, ಕರೆಂಟಿನ ಆರ್‌.ಆರ್. ನಂಬರು. ಒಂದು ಪಟ್ಟಿ ಬರೆದು ಹಳೆಯ ಅಧ್ಯಕ್ಷರು, ಹೊಸ ಅಧ್ಯಕ್ಷರು ಇಬ್ಬರೂ ಸಹಿ ಹಾಕಲಿ, ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಲಿ. ಮುಖ್ಯಗುರುಗಳು ಅದೇ ವರ್ಷ ವರ್ಗವಾಗಿ ಹೋದರೆ ಶಾಲೆಯ ಹಿಂದಿನ ಲೆಕ್ಕವೆಲ್ಲ ಆ ಪಟ್ಟಿಯಲ್ಲಿ ಮಾತ್ರ ಸಿಗುತ್ತದೆ.